ಊರು ಮರೆತ ಮಡಕೆ

ಬಹಳ ಹಿಂದೆ, ಏಳು ಕಡಲಿನಾಚೆ ಶಂಖದ್ವೀಪವೆಂಬ ರಾಜ್ಯವಿತ್ತು. ಎಷ್ಟು ಪುಟ್ಟದೆಂದರೆ, ದೊರೆ ಸೀನಿದರೆ ರಾಜ್ಯಕ್ಕೆಲ್ಲ ಕೇಳುತ್ತಿತ್ತು. ಅಲ್ಲೊಂದು ಹಳೆಯ ವಸ್ತುಗಳ ಮನೆ. ನೆಲ ಅಗೆದಾಗ ಸಿಕ್ಕ ಕೊಡಲಿ, ಮಣಿ, ಮಡಕೆಗಳನ್ನೆಲ್ಲ ಅಲ್ಲಿಟ್ಟು, ಎಲ್ಲಿ ಸಿಕ್ಕಿತೆಂದು ಬರೆದ ಓಲೆಯನ್ನು ಒಂದೊಂದಕ್ಕೂ ಕಟ್ಟುತ್ತಿದ್ದರು. ಓಲೆಗಳು ನಿಜ ಹೇಳುತ್ತಿರುವಷ್ಟು ಕಾಲ ದ್ವೀಪ ಅಲುಗುತ್ತಿರಲಿಲ್ಲ.

ಆ ಮನೆ ಕಾಯುವವಳು ಪದುಮಿ, ಕೂತಲ್ಲಿ ಕೂರದ ಹುಡುಗಿ. ಅಂಟಿದ ಮಣ್ಣೇ ವಸ್ತುವಿನ ಊರು ಹೇಳುತ್ತದೆ, ಅದನ್ನು ತೊಳೆಯಬಾರದೆಂದು ಅವಳ ಅಜ್ಜಿ ಸಾರಿ ಸಾರಿ ಹೇಳಿದ್ದಳು. ಆದರೂ ದೊರೆಯ ಹುಟ್ಟುಹಬ್ಬಕ್ಕೆಂದು ಪದುಮಿ ಒಂದು ಮಡಕೆಯನ್ನು ತಿಕ್ಕಿ ತೊಳೆದು ಫಳಫಳ ಹೊಳೆಸಿದ್ದಳು.

ಒಂದು ಬೆಳಿಗ್ಗೆ ಧೂಮಕನೆಂಬ ಮಾಂತ್ರಿಕ ಯಾತ್ರಿಕನ ವೇಷದಲ್ಲಿ ಬಂದು, ಮೂರು ಓಲೆಗಳನ್ನು ಸುಟ್ಟು ಸುಳ್ಳು ಓಲೆ ಕಟ್ಟಿ ಹೋದ. ಕೂಡಲೇ ವಸ್ತುಗಳೆಲ್ಲ ಕಟಕಟ ನಡುಗಿದವು. ದ್ವೀಪವೇ ಬುಡ ಕಿತ್ತುಕೊಂಡು ಧೂಮಕ ಕಡಲಲ್ಲಿ ಎಬ್ಬಿಸಿದ್ದ ಸುಳಿಯ ಕಡೆ ತೇಲತೊಡಗಿತು.

ದೊರೆ ಬರಿಗಾಲಲ್ಲಿ ಓಡಿಬಂದ. "ಪದುಮೀ, ಹೊತ್ತು ಮುಳುಗೋದ್ರೊಳಗೆ ಸುಳಿ ಸೇರ್ತೀವಿ. ಏನಾದ್ರೂ ಮಾಡವ್ವಾ!"

ಪದುಮಿ ಮೂರು ಸುಳ್ಳು ಓಲೆಗಳನ್ನೂ ಕಿತ್ತೆಸೆದಳು. ಅಷ್ಟರಲ್ಲಿ ಕಲ್ಲುಕೊಡಲಿ ಕೇಳಿತು, "ನನ್ನ ಊರು ಯಾವುದು?" ಪದುಮಿ ಅದರ ಮಣ್ಣು ಕೆರೆದು ನೋಡಿದಳು. ಕಪ್ಪು ಜೇಡಿ. "ಕೆರೆಯಂಗಳ" ಎಂದು ಬರೆದಳು. ಕೊಡಲಿ ಸುಮ್ಮನಾಯಿತು.

ಮಣಿ ಕೇಳಿತು, "ನನ್ನ ಊರು ಯಾವುದು?" ಪದುಮಿ ಅದರ ತೂತಿನೊಳಗಿನ ಮರಳು ನೆಕ್ಕಿದಳು. ಉಪ್ಪು. "ಕಡಲದಂಡೆ" ಎಂದು ಬರೆದಳು. ಮಣಿಯೂ ಸುಮ್ಮನಾಯಿತು.

ಆಗ ಆ ಹೊಳೆಯುವ ಮಡಕೆ ಕೇಳಿತು, "ನನ್ನ ಊರು ಯಾವುದು?"

ಪದುಮಿ ಒಳಗೆ ಹೊರಗೆ ತಡಕಿದಳು. ಒಂದು ಚಿಟಿಕೆ ಮಣ್ಣೂ ಇಲ್ಲ. ಹೊತ್ತು ಇಳಿಯುತ್ತಿತ್ತು, ಸುಳಿಯ ಮೊರೆತ ಹತ್ತಿರವಾಗುತ್ತಿತ್ತು.

ಕಿಟಕಿಯಲ್ಲಿ ಧೂಮಕ ಹಲ್ಲುಕಿರಿದ. "ಯಾವುದೋ ಒಂದು ಊರು ಬರೆದುಬಿಡು. ಯಾರಿಗೆ ಗೊತ್ತಾಗುತ್ತೆ?"

ಅವಳ ಕೈ ಓಲೆಯತ್ತ ಹೋಯಿತು, ನಿಂತಿತು. ಎದುರಿಗೇ ದೊರೆ. ನಾಚಿಕೆಯಿಂದ ಮುಖವೆಲ್ಲ ಬಿಸಿಯಾಯಿತು. ಆದರೂ ಬರೆದಳು: "ಊರು ಗೊತ್ತಿಲ್ಲ. ಮಣ್ಣು ತೊಳೆದವಳು ಪದುಮಿ. ತಪ್ಪು ನನ್ನದು."

ಮಡಕೆ ನಿಟ್ಟುಸಿರಿಟ್ಟಿತು. "ಇಲ್ಲದ ಊರು ಹೇಳಲಿಲ್ಲವಲ್ಲ, ಅಷ್ಟು ಸಾಕು ತಾಯಿ."

ದ್ವೀಪ ಗಕ್ಕನೆ ನಿಂತಿತು. ಸುಳಿ ಇಂಗಿತು. ಧೂಮಕ ಹಲ್ಲುಕಿರಿದಂತೆಯೇ ಕಲ್ಲಾದ.

"ನನ್ನನ್ನ ಕೆಲಸದಿಂದ ತೆಗೀತೀರಾ, ದೊರೆ?" ಎಂದಳು ಪದುಮಿ.

"ಇಷ್ಟು ನಿಜ ಬರೆಯೋರು ಮತ್ತೆಲ್ಲಿ ಸಿಗ್ತಾರವ್ವಾ?" ಎಂದು ದೊರೆ ನಕ್ಕ.

ಶಂಖದ್ವೀಪದವರು ಅಂದಿನಿಂದ ನೆಮ್ಮದಿಯಾಗಿ ನಿದ್ದೆ ಮಾಡಿದರು. ಮಾಂತ್ರಿಕನ ಕಲ್ಲು ಈಗಲೂ ಆ ಮನೆಯಲ್ಲಿದೆ. ಅದರ ಕೊರಳಲ್ಲಿ ಪದುಮಿಯ ಓಲೆ: "ಸಿಕ್ಕಿದ್ದು ಕಿಟಕಿಯ ಬಳಿ. ತೊಳೆದಿಲ್ಲ."