ವಾಪಸ್ ತೆಗೆದುಕೊಂಡ ಮಾತು

"ಆ ಮಾತನ್ನ ವಾಪಸ್ ತಗೊಳ್ಳಿ."

ತರಬೇತಿ ಕೋಣೆಯಲ್ಲಿ ಅವಳಲ್ಲದೆ ಹದಿನೆಂಟು ಜನರಿದ್ದರು. ಹದಿನೆಂಟೂ ತಲೆಗಳು ಅವಳತ್ತ ತಿರುಗಿದವು.

ಹೇಳಿದವನು ಬಾಗಿಲ ಪಕ್ಕದ ಗೋಡೆಗೊರಗಿ ನಿಂತಿದ್ದ. ಅಂಗಿಯ ತೋಳಿನ ಮೇಲೆ ಗ್ರೀಸಿನ ಕಲೆ. ಕೆಲಸ ಲಿಫ್ಟ್ ರಿಪೇರಿ. ಚಿಕ್ಕಂದಿನಲ್ಲಿ ಹೆತ್ತವರ ಬದಲು ಬೇರೆಯವರ ಆಸರೆಯಲ್ಲಿ, ಏಳು ಸಾಕುಮನೆ ಕಂಡವನು, ಅನುಭವ ಹೇಳಲಿ ಎಂದು ಮೇಲ್ವಿಚಾರಕಿಯೇ ಅವನನ್ನು ಕರೆಸಿದ್ದರು.

ಅವಳ ಮೈಯೆಲ್ಲ ಉರಿದುಹೋಯಿತು. "ಯಾಕೆ ತಗೋಬೇಕು?"

"ಅದು ನಿಮ್ಮ ಕೈಯಲ್ಲಿಲ್ಲ, ಅದಕ್ಕೆ. ನನಗೂ ಮೂರು ಜನ ಹೀಗೇ ಮಾತು ಕೊಟ್ಟಿದ್ರು."

ಅವಳು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವವಳು. ವಾರಕ್ಕೊಂದು ದಿನ ಮಾತ್ರ ನ್ಯಾಯಾಲಯದ ಸ್ವಯಂಸೇವಕಿಯಾಗಿ ಬೇರೆ ಕೆಲಸ. ಹೆತ್ತವರು ನೋಡಿಕೊಳ್ಳಲಾಗದೆ ಸಾಕುಮನೆ ಸೇರಿದ ಮಗುವಿನ ಬಳಿ ಹೋಗಿ ಕೂರುವುದು, ಅದರ ಮಾತು ಕೇಳುವುದು, ಮಗು ಎಲ್ಲಿರಬೇಕೆಂಬ ವಿಚಾರಣೆಯ ದಿನ ನ್ಯಾಯಾಧೀಶರೆದುರು ಆ ಮಗುವಿನ ಪರವಾಗಿ ಮಾತನಾಡುವುದು. ಸಂಬಳವಿಲ್ಲ, ತರಬೇತಿ ಮಾತ್ರ ಮುಗಿಯುವುದೇ ಇಲ್ಲ. ಗಾಡಿಗೆ ಸರ್ವೀಸ್ ಇದ್ದ ಹಾಗೆ ನಮಗೂ ವರ್ಷವರ್ಷ ಹನ್ನೆರಡು ಗಂಟೆ ಸರ್ವೀಸ್ ಎಂದು ಅವಳೇ ತಮಾಷೆ ಮಾಡುತ್ತಿದ್ದಳು.

ಆ ಶನಿವಾರದ ಪಾಠ, ವಿಚಾರಣೆಗೆ ಮುಂಚೆ ಮಗುವಿನ ಜೊತೆ ಹೇಗೆ ಮಾತನಾಡಬೇಕು ಎನ್ನುವುದು. ಅವಳ ಸರದಿ ಬಂದಾಗ ಹೆಮ್ಮೆಯಿಂದಲೇ ಹೇಳಿದ್ದಳು. ತನ್ನ ಪಾಲಿನ ಹುಡುಗಿಗೆ ಹದಿನಾಲ್ಕು ವರ್ಷ, ಬಾಯಿ ಬಿಟ್ಟರೆ ಚಟಪಟ, ಅದಕ್ಕೇ ಅವಳ ಹೆಸರು ಪಟಾಕಿ. ಈಗಿರುವುದು ಅವಳಿಗೆ ಐದನೇ ಮನೆ. ಈ ಮನೆಯಿಂದ ನಿನ್ನನ್ನು ಕದಲಿಸೋದಕ್ಕೆ ನಾನು ಬಿಡಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ ಎಂದಿದ್ದಳು.

ಮಕ್ಕಳಿಗೆ ಮಾತು ಕೊಡಬೇಡಿ ಎಂದು ಕೈಪಿಡಿಯ ಮೊದಲ ಪುಟದಲ್ಲೇ ಇದೆ. ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆ ಹುಡುಗಿ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಾಗ ಕೈಪಿಡಿ ಯಾರಿಗೆ ನೆನಪಿರುತ್ತದೆ ಹೇಳಿ...

ಸೋಮವಾರ ಮಧ್ಯಾಹ್ನ ಮೇಲ್ವಿಚಾರಕಿಯ ಫೋನು ಬಂತು. ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಆಕೆಯ ದನಿ ಎಂದಿನಂತಿರಲಿಲ್ಲ. ಗುರುವಾರ ವಿಚಾರಣೆ, ಅಷ್ಟರೊಳಗೆ ಆ ಹುಡುಗಿಗೆ ಕೊಟ್ಟ ಮಾತು ತಪ್ಪು ಎಂದು ನೀನೇ ಹೇಳಬೇಕು, ಇಲ್ಲದಿದ್ದರೆ ಅವಳ ಜವಾಬ್ದಾರಿ ಬೇರೆಯವರಿಗೆ ಎಂದರು.

ಪಟಾಕಿಯನ್ನು ಕಳೆದುಕೊಳ್ಳುವುದೇ?

ಅವನೇ! ಚಾಡಿ ಹೇಳಿದ್ದು ಅವನೇ, ಅನುಮಾನವೇ ಇಲ್ಲ... ಅಂದು ಅವಳು ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿ ಮಾಲೀಕರಿಂದ ಬೈಸಿಕೊಂಡಳು. ರಾತ್ರಿ ಅಡುಗೆಮನೆಯಲ್ಲಿ ಪಾತ್ರೆಗಳೂ ಬೈಸಿಕೊಂಡವು.

"ಮೂರು ದಿನದಿಂದ ಅವನ ಜಪವೇ ಆಗೋಯ್ತು," ಎಂದಳು ಅಕ್ಕ. "ಕಟ್ಕೊಂಡ ಮೇಲೂ ನಿಮ್ಮ ಭಾವನ್ನ ನಾನು ಇಷ್ಟು ನೆನೆಸಿಲ್ಲ ಕಣೇ."

ಮಂಗಳವಾರ ಅವಳು ಸಾಕುಮನೆಯ ಗೇಟಿನವರೆಗೆ ಹೋದಳು. ಚಿಲಕದ ಮೇಲೆ ಕೈಯಿಟ್ಟಳು, ತೆಗೆದಳು, ಆಚೆ ರಸ್ತೆಯ ತುದಿಗೆ ನಡೆದು ಮತ್ತೆ ಬಂದಳು. ಹೀಗೆ ಮೂರು ಸಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಡೆದದ್ದನ್ನು ಯಾವ ಬಾಯಿಂದ ಹೇಳುವುದು? ಕೊನೆಗೆ ಬಂದ ದಾರಿಗೆ ಸುಂಕವಿಲ್ಲದೆ ಹಿಂತಿರುಗಿದಳು.

ಬುಧವಾರ ಬೆಳಿಗ್ಗೆ ಫೈಲು ಹಿಡಿದು ದೊಡ್ಡಮ್ಮನ ಮೇಜಿನೆದುರು ನಿಂತಳು. ತನ್ನಿಂದಾಗದು, ಬೇರೆಯವರಿಗೇ ಕೊಡಿ, ಆ ಲಿಫ್ಟಿನವನಿಗೂ ಸಮಾಧಾನವಾಗಲಿ ಎಂದಳು.

ದೊಡ್ಡಮ್ಮ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಅವನು ಯಾಕೆ ಹೇಳ್ಬೇಕಮ್ಮ? ಶನಿವಾರ ಮುಂದಿನ ಸಾಲಲ್ಲಿ ನಾನೇ ಕೂತಿರ್ಲಿಲ್ವಾ?"

ಕೋಪ ಬಂದಾಗ ಕಣ್ಣೆದುರು ಕೂತ ದೊಡ್ಡಮ್ಮನೂ ಕಾಣುವುದಿಲ್ಲ ನೋಡಿ!

ಸೋಮವಾರ ಕೆಲಸಕ್ಕೆ ಹೋಗುವ ಮುಂಚೆ ಅವನು ಇಲ್ಲಿಗೆ ಬಂದಿದ್ದನಂತೆ. ವಾರ ತಪ್ಪದೆ ಬರೋ ಮನುಷ್ಯರು ಸಿಗಲ್ಲ, ಆ ಹುಡುಗಿಯಿಂದ ಇವರನ್ನ ಬಿಡಿಸಬೇಡಿ, ಸರಿಮಾಡ್ಕೊಳ್ಳೋಕೆ ಒಂದು ಅವಕಾಶ ಕೊಡಿ ಎಂದು ಕೇಳಿಕೊಂಡನಂತೆ. ಅವನು ಹೇಳಿದ್ದಕ್ಕೇ ಗುರುವಾರದವರೆಗೆ ಗಡುವು ಸಿಕ್ಕಿದ್ದು.

ಅವಳಿಗೆ ನಾಚಿಕೆಯಾಯಿತು. ಅದರ ಜೊತೆಗೆ ಇನ್ನೇನೋ ಆಯಿತು, ಅದಕ್ಕೆ ಹೆಸರಿಡಲು ಹೆದರಿಕೆ.

ಫೈಲು ವಾಪಸ್ ಹಿಡಿದು, ಅವನೆಲ್ಲಿ ಎಂದು ದೊಡ್ಡಮ್ಮನನ್ನೇ ಕೇಳಿ ಹುಡುಕಿಕೊಂಡು ಹೋದಳು. ಅವನು ಆಸ್ಪತ್ರೆಯ ಲಿಫ್ಟಿನಲ್ಲಿ ಅರ್ಧ ಒಳಗೆ, ಅರ್ಧ ಹೊರಗಿದ್ದ. ಕ್ಷಮೆ ಕೇಳಲು ಬಂದವಳು ಕೇಳಿದ್ದೇ ಬೇರೆ.

"ಅವಳಿಗೆ ಹೇಗೆ ಹೇಳ್ಲಿ?"

ಅವನು ಸ್ಪ್ಯಾನರ್ ಕೆಳಗಿಟ್ಟ. "ನೇರವಾಗಿ ಹೇಳಿ. ಆಮೇಲೆ ನೀವು ಅಳ್ಬೇಡಿ. ಅಳೋ ಹಕ್ಕು ಅವಳದು. ಎಷ್ಟು ಬೈದ್ರೂ ಅಲ್ಲೇ ಕೂತಿರಿ."

"ನಿಮ್ಮ ಹತ್ರ ಹಾಗೆ ಯಾರು ಕೂತಿದ್ರು?"

"ಯಾರೂ ಇಲ್ಲ," ಎಂದವನೇ ಮತ್ತೆ ಲಿಫ್ಟಿನೊಳಗೆ ತಲೆ ತೂರಿಸಿದ.

ಸಂಜೆ ಅವಳು ಪಟಾಕಿಯ ಮಂಚದ ಅಂಚಿನಲ್ಲಿ ಕೂತು ಹೇಳಿದಳು. ನಾನು ಕೊಟ್ಟ ಮಾತು ತಪ್ಪು, ನಿರ್ಧಾರ ನನ್ನದಲ್ಲ, ನೀನು ಹೇಳೋದನ್ನ ಅಲ್ಲಿ ಮುಟ್ಟಿಸೋದಷ್ಟೇ ನನ್ನ ಕೈಲಾಗೋದು ಎಂದಳು. ಹುಡುಗಿ ಸಿಡಿಯಲಿಲ್ಲ. ಎದ್ದು ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು.

ಅವಳು ಬಾಗಿಲೆದುರು ನೆಲದ ಮೇಲೆ ಕೂತಳು. ಅರ್ಧ ಗಂಟೆಯಾಯಿತು. ಮುಕ್ಕಾಲಾಯಿತು. ಸಾಕುತಾಯಿ ಒಮ್ಮೆ ಬಂದು ನೋಡಿ, ಏನೂ ಕೇಳದೆ ನೀರಿಟ್ಟು ಹೋದರು. ಒಳಗಿನ ಬಿಕ್ಕು ಕೇಳಿಸುತ್ತಿತ್ತು. ಅವಳ ಕಾಲು ಜೋಮು ಹಿಡಿದವು, ಕಣ್ಣು ತುಂಬಿ ಬಂದವು. ಆದರೂ ತುಟಿ ಕಚ್ಚಿ ಕೂತೇ ಇದ್ದಳು.

ಕೊನೆಗೂ ಬಾಗಿಲು ತೆರೆಯಿತು.

"ಇನ್ನೂ ಹೋಗಿಲ್ವಾ?"

"ಇಲ್ಲ."

"ಸುಳ್ಳು ಹೇಳಿದೆ ಅಂತ ಇದುವರೆಗೂ ಯಾರೂ ಬಂದು ಒಪ್ಕೊಂಡಿಲ್ಲ. ಎಲ್ಲರೂ ಬರೋದನ್ನೇ ನಿಲ್ಲಿಸ್ತಾರೆ." ಹುಡುಗಿ ಮೂಗೊರೆಸಿಕೊಂಡಳು. "ಸರಿ, ಬರ್ಕೊಳ್ಳಿ. ನಾನು ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು."

ಗುರುವಾರ ನ್ಯಾಯಾಧೀಶರೆದುರು ಅವಳು ಆ ಎರಡು ಪುಟ ಓದಿದಳು, ಪಟಾಕಿಯ ಬೈಗುಳ ಸಮೇತ. ಇನ್ನಾರು ತಿಂಗಳು ಹುಡುಗಿ ಅದೇ ಮನೆಯಲ್ಲಿರಲಿ, ಆಮೇಲೆ ಮತ್ತೆ ನೋಡೋಣ ಎಂದು ತೀರ್ಮಾನವಾಯಿತು. ಹುಡುಗಿ ಸಾಕುತಾಯಿಯ ಜೊತೆ ಹೊರಡುವಾಗ ತಿರುಗಿ, ಮುಂದಿನ ವಾರ ತಡ ಮಾಡಬೇಡಿ ಎಂದು ಗದರಿ ಹೋದಳು.

ಹೊರಗೆ ಅವನು ಮೆಟ್ಟಿಲ ಬಳಿ ನಿಂತಿದ್ದ. ಅರ್ಧ ದಿನ ರಜೆ ಹಾಕಿದ್ದನಂತೆ. ವಿಷಯ ಕೇಳಿ ತಲೆಯಾಡಿಸಿದ, ಒಳ್ಳೇದಾಯ್ತು ಎಂದ, ಹೊರಟೇಬಿಟ್ಟ. ಅವಳ ಜೀವ ಚಡಪಡಿಸಿತು. ಈಗ ಬಿಟ್ಟರೆ ಈ ಮನುಷ್ಯ ಹೀಗೇ ಬಾಗಿಲ ಪಕ್ಕ ನಿಂತೇ ಜೀವನ ಕಳೆದುಬಿಡುತ್ತಾನೆ!

"ಒಂದ್ನಿಮಿಷ... ನಿಮಗೇನು ಬೇಕು?"

ಅವನು ತಿರುಗಿದ. "ಯಾವುದಕ್ಕೆ?"

"ಸುಮ್ನೆ. ನಿಮಗೆ."

ಅವನು ತನ್ನ ಅಂಗೈ ನೋಡಿಕೊಂಡ. "ನನ್ನ ಬಗ್ಗೆ ದಪ್ಪ ಫೈಲೇ ಇತ್ತು. ಎಲ್ಲ ಬರೆದಿದ್ರು. ಇದನ್ನ ಮಾತ್ರ ಯಾರೂ ಕೇಳಿರ್ಲಿಲ್ಲ."

"ಈಗ ನಾನು ಕೇಳ್ತಿದ್ದೀನಿ."

ಅವಳು ಮೆಟ್ಟಿಲ ಮೇಲೆ ಕೂತಳು. ಜನ ಹತ್ತಿದರು, ಇಳಿದರು.

"ನೀವು," ಎಂದ ಅವನು ಕೊನೆಗೆ. "ಹಾಗೆ ಹೇಳ್ಬಾರ್ದಿತ್ತಾ?"

"ಹೇಳ್ಬೇಕಿತ್ತು. ನನಗೂ ನೀವೇ ಬೇಕು." ಅವಳು ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಬನ್ನಿ, ಕೂತ್ಕೊಳ್ಳಿ."

ಅವನು ಬಂದು ಕೂತ.