ಪೋಸ್ಟರಿನ ಹುಡುಗಿಗೆ ದನಿ ಕೊಟ್ಟವಳು

"ಆ ದನಿ ಯಾರದು?"

ಸ್ಟುಡಿಯೋ ಬಾಗಿಲಲ್ಲಿ ನಿಂತವನು ಹಾಗೆ ಕೇಳಿದಾಗ ಎಲ್ಲರ ಕಣ್ಣೂ ಮೈನಾಳತ್ತ ತಿರುಗಿದವು. ಜಾಹೀರಾತುಗಳಿಗೆ ದನಿ ಕೊಡುವ ಅವಳಿಗೆ ಅಲ್ಲಿಯವರು ಇಟ್ಟ ಹೆಸರದು.

"ನನ್ನದು," ಎಂದಳು.

"ಹಾಗಾದ್ರೆ ಬಂದು ನಮ್ಮಮ್ಮಂಗೆ ಹೇಳಿ... ನೀವು ಅವರ ಮಗಳಲ್ಲ ಅಂತ."

ಅವನು ಕೂಗಾಡಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಊರ ಗೋಡೆಗಳ ಮೇಲೆಲ್ಲ ಒಂದೇ ಪೋಸ್ಟರ್. ಬೆನ್ನು ತಿರುಗಿಸಿ ನಿಂತ ಹುಡುಗಿ, ಸೊಂಟ ಮುಟ್ಟುವ ಕೂದಲು, 'ಇವಳೆಲ್ಲಿ?' ಎಂಬ ಪ್ರಶ್ನೆ, ಕೆಳಗೊಂದು ಫೋನ್ ನಂಬರ್. ಅದು ಶಾಂಪೂ ಜಾಹೀರಾತೆಂದು ಎಲ್ಲೂ ಬರೆದಿರಲಿಲ್ಲ. ಕರೆ ಮಾಡಿದರೆ ಮೈನಾ ಪಿಸುಗುಡುತ್ತಿದ್ದಳು: "ನಾನು ಹತ್ತಿರದಲ್ಲೇ ಇದ್ದೀನಿ... ಹುಡುಕ್ತೀಯಾ?" ಆಮೇಲೊಂದು ಸುಳಿವು.

ಜನ ಹುಚ್ಚೆದ್ದು ಹುಡುಕಿದರು. ಬಸ್ಸಿನಲ್ಲಿ, ಲಿಫ್ಟಿನಲ್ಲಿ ಯಾರದೋ ಫೋನಿನಿಂದ ತನ್ನದೇ ಪಿಸುಮಾತು ಕೇಳಿ ಮೈನಾ ಬೆಚ್ಚಿಬೀಳುತ್ತಿದ್ದಳು.

ಬಂದವನು ಕನ್ನಡಕದ ಅಂಗಡಿಯವನು. ಅವನ ತಂಗಿ ಅಮ್ಮನ ಜೊತೆ ಜಗಳವಾಡಿಕೊಂಡು ಮನೆ ಬಿಟ್ಟವಳು, ವರ್ಷಗಳು ಉರುಳಿದರೂ ಮರಳಿರಲಿಲ್ಲ. ಪೋಸ್ಟರ್ ನೋಡಿ ಆ ನಂಬರಿಗೆ ಕರೆ ಮಾಡಿದ ಅಮ್ಮ, ಇವಳು ನನ್ನ ಮಗಳೇ ಎಂದು ಹಟ ಹಿಡಿದು ಬೀದಿ ಬೀದಿ ಹುಡುಕುತ್ತಿದ್ದರು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಮೈನಾ ಎಲ್ಲವನ್ನೂ ಬಿಡಿಸಿ ಹೇಳಿದಳು. ಅಮ್ಮ ಅವಳ ಕೆನ್ನೆ ಮುಟ್ಟಿದರು.

"ದನಿ ಅವಳದೇ... ಮುಖ ಮಾತ್ರ ಬೇರೆ."

ತಲೆಯಾಡಿಸಿ ಒಪ್ಪಿಕೊಂಡವರು ಮರುದಿನ ಮತ್ತೆ ಆ ನಂಬರಿಗೆ ಕರೆ ಮಾಡಿದರು. ಮತ್ತೆ ಬೀದಿಗಿಳಿದರು.

'ನನ್ನ ದನಿಯೇ ಇವರನ್ನು ಅಲೆಸುತ್ತಿದೆ...' ಎನಿಸಿ ಮೈನಾ ದಿನವೂ ಮಧ್ಯಾಹ್ನ ಬಂದು ಅಮ್ಮನ ಜೊತೆ ನಡೆಯತೊಡಗಿದಳು. ಮೊದಮೊದಲು ಮುಖ ಕೊಟ್ಟು ಮಾತಾಡದಿದ್ದ ಅವನು, ಆಮೇಲಾಮೇಲೆ ಅವಳ ಗಂಟಲಿಗೆಂದು ಬಿಸಿನೀರು ಕಾಯಿಸಿಡುತ್ತಿದ್ದ. ಲೆನ್ಸ್ ಉಜ್ಜುತ್ತಲೇ ದಾರಿ ನೋಡುತ್ತಿದ್ದ. ಅವನು ತಲೆಯೆತ್ತಿದರೆ ಅವಳ ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತಿತ್ತು.

ಈ ಆಟ ನಿಲ್ಲಿಸಿ ಎಂದು ಅವಳು ಬಾಸ್ ಬಳಿ ಬೇಡಿಕೊಂಡಳು, ಅಮ್ಮನ ಕತೆಯನ್ನೆಲ್ಲ ಹೇಳಿದಳು. ಬಾಸ್ ತುಂಬ ಗಮನವಿಟ್ಟು ಕೇಳಿಸಿಕೊಂಡ.

ಆ ವಾರವೇ ಕಂಪನಿಯಿಂದ ಹೊಸ ಫೋಟೊ ಎಲ್ಲರ ಫೋನಿಗೂ ಬಂತು. ಪೋಸ್ಟರಿನ ಕೂದಲು ಸವರುತ್ತ ನಿಂತ ಅಮ್ಮ! 'ಈ ತಾಯಿಯೂ ಹುಡುಕುತ್ತಿದ್ದಾಳೆ. ನೀವು?'

ಅವನು ಅಂಗಡಿಯ ಮೆಟ್ಟಿಲಲ್ಲೇ ಅವಳನ್ನು ತಡೆದ.

"ಇದಕ್ಕೇನಾ ದಿನಾ ಬರ್ತಿದ್ದಿದ್ದು?"

"ನಾನು ಫೋಟೊ ತೆಗೀಲಿಲ್ಲ..."

"ಮತ್ತೆ ಅವರಿಗೆ ಹೇಳಿದ್ದು ಯಾರು?"

ಹೇಳಿದ್ದು ತಾನೇ. ಮೈನಾ ಮೆಟ್ಟಿಲಿಳಿದು ಹೊರಟುಹೋದಳು.

ಅಂದೇ ಸ್ಟುಡಿಯೋದಲ್ಲಿ ಕೊನೆಯ ಸುಳಿವಿನ ರೆಕಾರ್ಡಿಂಗ್ ಇತ್ತು. ಮೈನಾ ಕಾಗದ ಪಕ್ಕಕ್ಕಿಟ್ಟು, ಪಿಸುಗುಡದೆ ತನ್ನ ಸಹಜ ದನಿಯಲ್ಲಿ ಮಾತಾಡಿದಳು.

"ಇದು ಶಾಂಪೂ ಜಾಹೀರಾತು. ನಾನು ಕಾಣೆಯಾದವಳಲ್ಲ. ಆದ್ರೆ ಕನ್ನಡಕದ ಅಂಗಡಿಯ ಮನೆಯಿಂದ ಒಬ್ಬಳು ನಿಜವಾಗ್ಲೂ ಹೋಗಿದ್ದಾಳೆ. ತಂಗೀ... ಇದನ್ನ ಕೇಳ್ತಿದ್ರೆ ಮನೆಗೊಂದು ಫೋನ್ ಮಾಡು. ಯಾರೂ ಬೈಯಲ್ಲ."

ರೆಕಾರ್ಡಿಂಗ್ ಮಾಡುವವನು ಒಂದು ಗಳಿಗೆ ಅವಳ ಮುಖ ನೋಡಿದ. ಅದನ್ನೇ ಆ ನಂಬರಿಗೆ ಹಾಕಿಬಿಟ್ಟ. ಸಂಜೆಯೊಳಗೆ ಕಂಪನಿ ನಂಬರನ್ನೇ ಬಂದ್ ಮಾಡಿತು. ಇಬ್ಬರ ಕೆಲಸವೂ ಹೋಯಿತು. ಅಷ್ಟರಲ್ಲಿ ಊರಿಗೆ ಊರೇ ಅದನ್ನು ಕೇಳಿಸಿಕೊಂಡಿತ್ತು.

ಆಮೇಲೆ ದಿನಗಳು ಉರುಳಿದವು. ಪೋಸ್ಟರುಗಳು ಬಿಸಿಲಿಗೆ ಬಿಳಿಚಿದವು. ಕಿಟಕಿಯಾಚೆ ಆ ಮುಖವಿಲ್ಲದ ಹುಡುಗಿ ಕಂಡಾಗಲೆಲ್ಲ, ಇವಳು ಈಗ ತಿರುಗಿಬಿಡುತ್ತಾಳೆ ಅನಿಸಿ ಮೈನಾ ಪರದೆ ಎಳೆದುಕೊಳ್ಳುತ್ತಿದ್ದಳು.

ಒಂದು ಬೆಳಗ್ಗೆ ಅವನು ಅವಳ ಮನೆಗೆ ಬಂದ. ಕಣ್ಣು ಕೆಂಪಾಗಿದ್ದವು.

"ಅಂಗಡಿಗೆ ಫೋನ್ ಬಂದಿತ್ತು. ಯಾರೂ ಮಾತಾಡ್ಲಿಲ್ಲ, ಉಸಿರಷ್ಟೇ. ಅಮ್ಮ ಇಸ್ಕೊಂಡು, 'ಊಟ ಆಯ್ತಾ ಮಗಳೇ' ಅಂದ್ರು. ಆ ಕಡೆಯಿಂದ ಅಳು ಕೇಳಿಸ್ತು... ಆಮೇಲೆ ಕಟ್ಟಾಯ್ತು."

"ಅವಳೇನಾ?"

"ಅಮ್ಮ ಹೌದಂತಾರೆ. ನಂಗೆ ಗೊತ್ತಿಲ್ಲ. ಆದ್ರೆ ನಿನ್ನೆಯಿಂದ ಅವರು ಬೀದಿಗೆ ಹೋಗಿಲ್ಲ, ಫೋನ್ ಹತ್ರಾನೇ ಕೂತಿದ್ದಾರೆ." ಅವನು ತಲೆ ತಗ್ಗಿಸಿದ. "ಅವತ್ತು ಮೆಟ್ಟಿಲ ಮೇಲೆ ನಾನು ಹಾಗೆ ಅನ್ನಬಾರದಿತ್ತು."

"ಬಾಸ್‌ಗೆ ನಾನೂ ಹೇಳಬಾರದಿತ್ತು."

ಅವನು ಹೊರಡಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದು ನಿಂತೇ ಇದ್ದ.

"ನೀನು ಬರದ ಮಧ್ಯಾಹ್ನಗಳು ನಂಗೆ ಹಿಡಿಸ್ತಿಲ್ಲ. ಮನೆಗೆ ಬರ್ತೀಯಾ?"

"ಫೋನ್ ಎತ್ತೋಕಾ?"

"ಅಲ್ಲ... ನನ್ನ ಜೊತೆ ಇರೋಕೆ."

ಮೈನಾ ತುಂಬಿ ಬಂದ ಕಣ್ಣನ್ನು ತೋಳಿನಿಂದ ಒರೆಸಿಕೊಂಡಳು.

"ಇರು, ಚಪ್ಪಲಿ ಹಾಕ್ಕೊಂಡು ಬರ್ತೀನಿ."