ಪಿತ್ತನಾಳಕ್ಕೆ ಗಾಳಿ ಹೊಕ್ಕ ದಾರಿ

ಅಪ್ಪನ ಪಿತ್ತನಾಳದಲ್ಲಿ ಗಾಳಿ ಇತ್ತು. ಇರಬಾರದ ಗಾಳಿ.

ಹೊಟ್ಟೆನೋವಿಗೆಂದು ತೆಗೆಸಿದ ಎಕ್ಸ್‌ರೇ ಹಾಳೆಯಲ್ಲಿ, ಪಿತ್ತಜನಕಾಂಗದ ನೆರಳಿನೊಳಗೆ ಕಪ್ಪು ಗೆರೆಯೊಂದು ಕವಲೊಡೆದು ನಿಂತಿತ್ತು. ಪಿತ್ತಕೋಶದ ಕಲ್ಲೊಂದು ಕರುಳಿಗೆ ದಾರಿ ಕೊರೆದಿದೆ, ನಾಳೆ ಬೆಳಗ್ಗೆ ಹೊಟ್ಟೆ ತೆರೆಯಬೇಕು ಎಂದರು ಸರ್ಜನ್. ಅಮ್ಮ ಬೆಂಚಿನ ಮೇಲೆ ಕೂತಿದ್ದಳು. ಸಹಿ ಹಾಕಬೇಕಾದ ಕಾಗದ ನನ್ನ ಕೈಯಲ್ಲಿತ್ತು.

ಎಕ್ಸ್‌ರೇ ವಿಭಾಗದ ಡಾಕ್ಟರಮ್ಮ ಮಾತ್ರ ಆ ಹಾಳೆಯನ್ನು ಕೆಳಗಿಡಲಿಲ್ಲ. ನಿವೃತ್ತಿಗೆ ಒಂದು ವರ್ಷವಿದ್ದ ಹೆಂಗಸು; ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದರು. ಸ್ಕ್ಯಾನಿನಲ್ಲಿ ಪಿತ್ತಕೋಶ ಸ್ವಚ್ಛವಾಗಿತ್ತು — ಕಲ್ಲಿಲ್ಲ, ಊತವಿಲ್ಲ. ಹಾಗಾದರೆ ದಾರಿ ಕೊರೆದವರು ಯಾರು? ಹಳೆಯ ಆಪರೇಷನ್? ಆಗಿಯೇ ಇಲ್ಲ. ಗಾಳಿ ಹುಟ್ಟಿಸುವ ಕ್ರಿಮಿ? ಜ್ವರವೇ ಬಂದಿಲ್ಲ. ಗಡ್ಡೆ? ಅದರ ಸುಳಿವೂ ಇಲ್ಲ.

ಸರ್ಜನ್ ಹತ್ತಿರ ಅರ್ಧ ದಿನದ ಅವಕಾಶ ಕೇಳಿಕೊಂಡು, ಅವರು ಅಪ್ಪನ ಮಂಚದ ಪಕ್ಕ ಸ್ಟೂಲ್ ಎಳೆದು ಕೂತರು.

ಅಪ್ಪ ಬೇಕರಿಯವನು. ಮೂವತ್ತು ವರ್ಷ ಹಿಟ್ಟು ನಾದಿ ಹೆಗಲು ಸವೆಸಿದವನು. ಎಲ್ಲವನ್ನೂ ಸರ್ಜನ್‌ಗೆ ಹೇಳಿಯಾಗಿದೆ ಎಂದು ಗೊಣಗಿದ.

"ಇನ್ನೊಂದ್ಸಲ ಹೇಳಿ ಯಜಮಾನ್ರೇ. ತಿಂದ ಮೇಲೆ ನೋವು ಹೆಚ್ಚಾಗುತ್ತಾ?"

"ಇಲ್ಲ. ಎರಡು ಬನ್ ತಿಂದ್ರೆ ಇಳಿಯುತ್ತೆ."

ಅಮ್ಮ ನಡುವೆ ಬಾಯಿ ಹಾಕಿದಳು. ಇವರ ಬಾಯಿಗೆ ಬಿಡುವೇ ಇಲ್ಲ, ಒಲೆ ಮುಂದೆ ನಿಂತರೂ ಏನಾದರೂ ಮೆಲ್ಲುತ್ತಲೇ ಇರುತ್ತಾರೆ, ನೋವಿಗೆ ಎಚ್ಚರವಾದರೂ ಬನ್ನೇ ಬೇಕು ಎಂದು ದೂರಿದಳು.

ಡಾಕ್ಟರಮ್ಮನ ಪೆನ್ನು ನಿಂತಿತು. "ಮಾತ್ರೆ ಏನಾದ್ರೂ ತಗೊಳ್ತಿದ್ರಾ?"

ಬಿಪಿ ಇಲ್ಲ, ಸಕ್ಕರೆ ಇಲ್ಲ, ಮಾತ್ರೆ ಮುಟ್ಟಿದವನೇ ಅಲ್ಲ ಎಂದ ಅಪ್ಪ.

"ಹೆಗಲು ನೋವಿಗೆ ತಗೊಳ್ತಾರೆ," ಎಂದೆ. "ದಿನಕ್ಕೆರಡು, ಎರಡು ವರ್ಷದಿಂದ. ನಾನೇ ಅಂಗಡಿಯಿಂದ ತಂದ್ಕೊಡ್ತಿದ್ದೆ."

"ಅದೂ ಒಂದು ಮಾತ್ರೇನಾ?" ಅಪ್ಪನಿಗೆ ನಿಜಕ್ಕೂ ಆಶ್ಚರ್ಯ.

ಮಧ್ಯಾಹ್ನ ಅಪ್ಪನಿಗೆ ಸುಣ್ಣದ ನೀರಿನಂಥ, ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬಿಳಿ ಬೇರಿಯಂ ಕುಡಿಸಿ, ಪರದೆಯ ಮುಂದೆ ನಿಲ್ಲಿಸಿದರು. ಸರ್ಜನ್ ಕೂಡ ಬಂದರು. ಆ ದ್ರವ ಜಠರ ದಾಟಿ ಸಣ್ಣಕರುಳಿಗೆ ಇಳಿಯಿತು. ಕೆಳಗೆ ಹೋಗಬೇಕಾದ್ದು — ಒಂದು ಎಳೆಯಾಗಿ ಪಿತ್ತನಾಳದೊಳಗೆ ಮೇಲಕ್ಕೇರಿತು.

"ಕಲ್ಲಿನದೇನೂ ತಪ್ಪಿಲ್ಲ," ಎಂದರು ಡಾಕ್ಟರಮ್ಮ. ಸಣ್ಣಕರುಳು ಶುರುವಾಗುವಲ್ಲೇ, ಅದರ ಬೆನ್ನಿಗಂಟಿಕೊಂಡು ಪಿತ್ತನಾಳ ಇಳಿಯುತ್ತದೆ. ಅಲ್ಲಿ ಆದ ಹುಣ್ಣು ಆಳಕ್ಕೆ ತಿನ್ನುತ್ತಾ ಹೋಗಿ ಎರಡರ ನಡುವಿನ ಗೋಡೆಯನ್ನೇ ತೂತು ಮಾಡಿತ್ತು. ಕರುಳಿನ ಗಾಳಿ ಆ ತೂತಿನಿಂದ ಮೇಲೇರಿತ್ತು. ಪಿತ್ತಕೋಶದ ಕಲ್ಲಾಗಿದ್ದರೆ ತಿಂದ ಮೇಲೆ ನೋವು ಏರಬೇಕಿತ್ತು, ಇಲ್ಲಿ ಇಳಿಯುತ್ತಿತ್ತು; ಅದು ಹುಣ್ಣಿನ ಗುಣ. "ಬೇಕರಿಯವರು ಬನ್ ತಿಂದ್ರೆ ಅದರಲ್ಲೇನು ವಿಶೇಷ ಅಂತ ಯಾರೂ ಕೇಳಲಿಲ್ಲ. ಅಪರಾಧಿ ಈ ಹುಣ್ಣು. ಅದಕ್ಕೆ ಕುಮ್ಮಕ್ಕು ಕೊಟ್ಟಿದ್ದು ನೋವಿನ ಮಾತ್ರೆ."

ಸರ್ಜನ್ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಮಡಚಿದರು. ತಾನು ಆತುರಪಟ್ಟೆ ಎಂದು ಅವರೇ ಒಪ್ಪಿಕೊಂಡರು. ಆ ಮಾತ್ರೆ ನಿಲ್ಲಿಸಿ, ಹುಣ್ಣು ಮಾಗಿಸುವ ಔಷಧಿ ಕೊಟ್ಟು ಕಾಯೋಣ, ಕೊಯ್ಯುವುದು ಬೇಡ ಎಂದರು.

ನಾನು ತಲೆ ಎತ್ತಲಾರದೆ ನಿಂತಿದ್ದೆ. ಡಾಕ್ಟರಮ್ಮ ನನ್ನ ಭುಜ ಮುಟ್ಟಿದರು. "ನೋವು ಕಡಿಮೆ ಆಗ್ಲಿ ಅಂತ ನೀನು ತಂದುಕೊಟ್ಟೆ, ಮಗಳೇ. ಇವತ್ತು ಮುಚ್ಚಿಡದೆ ಹೇಳಿದೆಯಲ್ಲ, ಅದಕ್ಕೇ ನಿಮ್ಮಪ್ಪ ಉಳಿದ್ರು."

ಮೂರು ತಿಂಗಳಿಗೆ ಹುಣ್ಣು ಮಾಗಿತು. ತೂತು ಮುಚ್ಚಿಕೊಂಡಿತು. ಹೊಸ ಎಕ್ಸ್‌ರೇಯಲ್ಲಿ ಆ ಕಪ್ಪು ಗೆರೆ ಇರಲಿಲ್ಲ. ಅಮ್ಮ ಡಾಕ್ಟರಮ್ಮನ ಎರಡೂ ಕೈ ಹಿಡಿದುಕೊಂಡು ಒಂದೇ ಮಾತು ಹೇಳಿದಳು:

"ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ."